ಒಸಗೆಗೊಂದು ಸನ್ನೆ

ಬೆಳಕು ಹರಿಯುವ ಹೊತ್ತು. ಒಲೆಯ ಮೇಲೆ ಹಾಲು, ಗೋಡೆಯ ಮೇಲೆ ಕನ್ನಡಿ, ಕನ್ನಡಿಯ ಮುಂದೆ ಅಕ್ಕ. ತುಟಿ ಪಿಟಕ್ಕೆನ್ನುತ್ತಿಲ್ಲ, ಕೈಗಳು ಮಾತ್ರ ಒಂದೇ ಸಮನೆ ಹರಟುತ್ತಿವೆ. ಹಾಲು ಉಕ್ಕುತ್ತದೆ. ಅಮ್ಮ ಬಂದು ಒಲೆ ಆರಿಸಿ, ಮಗಳ ಬೆನ್ನಿಗೊಂದು ಗುದ್ದು ಕೊಡುತ್ತಾರೆ.

ಕಿವುಡ ಮಕ್ಕಳ ಶಾಲೆಯಲ್ಲಿ ಈ ಮಗಳಿಗೆ 'ಕೈಮಾತಿನ ಅಕ್ಕ' ಎಂದೇ ಹೆಸರು. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಅಕ್ಕ ಸನ್ನೆಭಾಷೆಯಲ್ಲಿ ಹೇಳಬೇಕು. ದಿನಕ್ಕೆ ಆರು ತರಗತಿ, ಸಂಜೆಗೆ ಭುಜ ಕಿತ್ತುಬರುತ್ತದೆ. ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳಿಸದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಈ ಮನೆ ಬದುಕಿದ್ದು ಕೈಯಿಂದ. ಅಪ್ಪ ಬಟ್ಟೆ ಹೊಲಿದರು, ಅಮ್ಮ ಗುಂಡಿ ಹಾಕಿದರು, ಪುಟ್ಟ ಮಗಳು ಗಿರಾಕಿಗಳ ಮಾತನ್ನು ಸನ್ನೆಗಿಳಿಸಿದಳು. "ಅಂಗಿ ಬಿಗಿ ಆಯ್ತು ಅಂತ ಯಾರಾದ್ರೂ ಕೂಗಾಡಿದ್ರೆ, 'ಸ್ವಲ್ಪ ಸಡಿಲ ಮಾಡ್ಬೇಕಂತೆ' ಅಂತಷ್ಟೇ ಅಪ್ಪನಿಗೆ ಹೇಳ್ತಿದ್ದೆ. ಬೈಗುಳ ನಾನೇ ನುಂಗ್ಕೋತಿದ್ದೆ" ಎಂದು ಅಕ್ಕ ನಗುತ್ತಾರೆ.

ಇವತ್ತಿನ ಸಂಕಟವೆಲ್ಲ ಒಂದು ಪದದ್ದು: ಒಸಗೆ. ಪಾಠ ಹಳಗನ್ನಡ ಪದ್ಯ. ಮಗು ಹುಟ್ಟಿದ ಸುದ್ದಿಗೆ ಊರಲ್ಲಿ ಒಸಗೆವರೆ, ಅಂದರೆ ಸಂಭ್ರಮದ ನಗಾರಿ, ಮೊಳಗುತ್ತದೆ. ಹಳೆಯ ಕವಿಗಳಿಗೆ ಒಸಗೆ ಎಂದರೆ ಸಂತೋಷವೂ ಹೌದು, ಅದನ್ನು ಹೊತ್ತು ತರುವ ಸಿಹಿಸುದ್ದಿಯೂ ಹೌದು. ಅಕ್ಕನಿಗೆ ಗೊತ್ತಿರುವ ಸನ್ನೆಗಳಲ್ಲಿ ಅದಕ್ಕೊಂದು ಸನ್ನೆಯಿಲ್ಲ. ಹೋದ ವರ್ಷ 'ಖುಷಿ' ಎಂದು ತೋರಿಸಿ ಪಾರಾಗಿದ್ದರು. "ಮಕ್ಕಳು ನಂಬಿಬಿಟ್ವು. ನಾನು ಕೊಟ್ಟಷ್ಟೇ ತಾನೇ ಅವಕ್ಕೆ ಸಿಗೋದು? ಈ ಸಲ ಅರ್ಧ ಪದ ಕೊಡೋಕೆ ಮನಸ್ಸು ಬರ್ತಿಲ್ಲ."

ಒಲೆಯ ಮುಂದಿನ ಅಮ್ಮನಿಗೆ ಪದದ ಅರ್ಥ ವಿವರಿಸಿ, ಆ 'ಖುಷಿ'ಯನ್ನೇ ಮತ್ತೆ ಮಾಡಿ ತೋರಿಸಿದರೆ ಅವರು ಮೂಗು ಮುರಿಯುತ್ತಾರೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸನ್ನೆಯಲ್ಲೇ ಶುರುಮಾಡುತ್ತಾರೆ: "ಅದು ಒಬ್ಬರೇ ಕೂತು ಪಡೋ ಖುಷಿ. ನೀನು ಹುಟ್ಟಿದಾಗ ಹಾಗಿರ್ಲಿಲ್ಲ ಕಣೇ. ನಿಮ್ಮಪ್ಪ ಆಸ್ಪತ್ರೆ ಕಿಟಕೀಲಿ ನಿಂತು ಎರಡೂ ಕೈ ಎತ್ತಿ ಅಲ್ಲಾಡಿಸಿದ್ರು. ಕೆಳಗಿದ್ದ ಗೆಳೆಯ ನೋಡಿ ತಾನೂ ಎತ್ತಿದ. ಅವನನ್ನ ನೋಡಿ ರಸ್ತೆ ಆಚೆ ಇದ್ದೋರೂ ಎತ್ತಿದ್ರು. ನಿನ್ನ ಸುದ್ದಿ ಕೈಯಿಂದ ಕೈಗೆ ಹೋಯ್ತು."

ಅಕ್ಕನ ಕಣ್ಣು ತುಂಬುತ್ತದೆ. ಹುಡುಕುತ್ತಿದ್ದುದು ಮನೆಯಲ್ಲೇ ಇತ್ತು!

ತರಗತಿಯಲ್ಲಿ ಅಕ್ಕ ಮೊದಲು ಮಕ್ಕಳ ಅಂಗೈಗಳನ್ನು ಮೇಜಿನ ಮೇಲೆ ಇರಿಸಿ, ತಾವೇ ಮೇಜು ಬಡಿಯುತ್ತಾರೆ. ಒಸಗೆವರೆ! ಮರ ಅದುರಿದ್ದು ಅಂಗೈಗೆ ತಾಗಿ ಕಣ್ಣುಗಳು ಅರಳುತ್ತವೆ. ಆಮೇಲೆ ಎದೆಯಿಂದ ಎರಡೂ ಕೈ ಮೇಲೆತ್ತಿ, ಬೆರಳು ಅಲುಗಿಸಿ, ಮುಂದಿನ ಬೆಂಚಿನವಳತ್ತ ಚಾಚುತ್ತಾರೆ. ಅವಳು ಪಕ್ಕದವಳಿಗೆ, ಪಕ್ಕದವಳು ಹಿಂದಿನವಳಿಗೆ. ಕಡೆಗೆ ಮೇಷ್ಟ್ರೂ ಪುಸ್ತಕ ಕೆಳಗಿಟ್ಟು ಕೈ ಎತ್ತುತ್ತಾರೆ.

ವಾರ ಕಳೆದಿದೆ. ಯಾರೊಂದಿಗೂ ಬೆರೆಯದೆ ಮೂಲೆ ಹಿಡಿದಿದ್ದ ಹುಡುಗಿಯೊಬ್ಬಳು ಬೆಳಿಗ್ಗೆ ಏದುಸಿರು ಬಿಡುತ್ತ ಬಂದು, ಬಾಗಿಲಲ್ಲೇ ಚೀಲ ಎಸೆದು, ಎದೆಯಿಂದ ಎರಡೂ ಕೈ ಎತ್ತಿ ಎಲ್ಲರತ್ತ ಚಾಚುತ್ತಾಳೆ. ಅವಳ ಅತ್ತಿಗೆಗೆ ಹೆಣ್ಣುಮಗು! ಇಡೀ ತರಗತಿಯ ಕೈಗಳು ಮೇಲೇಳುತ್ತವೆ.

"ಈ ಸನ್ನೆ ಮಾಡಿದ್ದು ಯಾರು ಅಂತ ನಾಳೆ ಯಾರಿಗೂ ನೆನಪಿರೋದು ಬೇಡ" ಎನ್ನುತ್ತಾರೆ ಅಕ್ಕ. "ಅವಳ ಮನೆ ಸುದ್ದೀನ ಹೊತ್ಕೊಂಡು ಬಂತಲ್ಲ, ಅಷ್ಟು ಸಾಕು. ಒಂದ್ನಿಮಿಷ ಇರಿ, ಅಮ್ಮನಿಗೆ ಹೇಳ್ಬೇಕು."

ವಿಡಿಯೊ ಕರೆ ಮಾಡಿ ಫೋನನ್ನು ಕಿಟಕಿಗೆ ಒರಗಿಸಿ, ಎರಡೂ ಕೈಗಳನ್ನು ಖಾಲಿ ಮಾಡಿಕೊಳ್ಳುತ್ತಾರೆ.