ನುಣುಪಣ್ಣ ಎತ್ತಿಕೊಳ್ಳದ ಸುತ್ತಿಗೆ

ನನ್ನ ತಮ್ಮನನ್ನು ಊರೆಲ್ಲ ಕರೆಯುವುದು ನುಣುಪಣ್ಣ ಎಂದು. ಕ್ಷೌರದ ಅಂಗಡಿ ಇಟ್ಟಿದ್ದಾನೆ. ಅವನು ಗಡ್ಡ ಹೆರೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕೆನ್ನೆಯ ಮೇಲೆ ಕತ್ತಿ ಓಡುತ್ತಿರುವುದೇ ಗೊತ್ತಾಗದೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರ ಮುಖದ ಮೇಲೂ ಒಂದು ಹನಿ ರಕ್ತ ಬರಿಸಿದವನಲ್ಲ. ಇಂಥವನು ನಲವತ್ತು ದಾಟಿದ ಮೇಲೆ ಟೀವಿಯ ಮುಂದೆ ಕೂತು, ರಾಕ್ಷಸನನ್ನು ಬಡಿದು ಕೊಲ್ಲಲು ಕೊಡಲಿ ಒಳ್ಳೆಯದೋ ಈಟಿ ಒಳ್ಳೆಯದೋ ಎಂದು ತಲೆ ಕೆಡಿಸಿಕೊಂಡನಲ್ಲ, ಅದಕ್ಕೆ ಏನೆನ್ನಬೇಕು? ಮೊದಮೊದಲು ನಾನು ನಕ್ಕೆ. ಆಮೇಲೆ ಬೈದೆ. ಈಗ ಎರಡೂ ಬರುವುದಿಲ್ಲ.

ಅವನ ಹೆಂಡತಿ ಮಗಳನ್ನು ಕರೆದುಕೊಂಡು ದೂರದ ಊರಿಗೆ ಹೊರಟುಹೋಗಿ ಎರಡು ವರ್ಷವಾಯಿತು. ಜಗಳವಾಡಿ ಹೋದವಳಲ್ಲ. ನನ್ನ ತಮ್ಮ ಜಗಳಕ್ಕೂ ಕೈಗೆ ಸಿಗುವ ಗಂಡಸಲ್ಲ. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಆಡಿ, ಮನಸ್ಸಿನಲ್ಲಿದ್ದುದನ್ನು ನುಂಗಿಬಿಡುತ್ತಾನೆ. “ಇವರ ಜೊತೆ ಇರೋದೂ ಒಂದೇ, ಗೋಡೆ ಜೊತೆ ಇರೋದೂ ಒಂದೇ ಅತ್ತಿಗೆ. ಗೋಡೆಗಾದ್ರೆ ಮೊಳೆ ಹೊಡೀಬಹುದು” ಎಂದು ಅವಳು ಹೊರಡುವ ದಿನ ನನ್ನ ಹತ್ತಿರ ಅಂದಳು. ನನಗೆ ಸಿಟ್ಟು ಬಂತು, ಆದರೆ ಸುಳ್ಳು ಅನ್ನಲು ಬಾಯಿ ಬರಲಿಲ್ಲ.

ಮಗಳು ಅಂದರೆ ನಮ್ಮ ಚಿನಕುರುಳಿ. ಹನ್ನೊಂದು ವರ್ಷದವಳು. ಇಲ್ಲಿದ್ದಾಗ ಅಪ್ಪನ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತು ಗಿರಗಿರ ಸುತ್ತುತ್ತಾ ಬಾಯಿ ಮುಚ್ಚದೆ ಹರಟುತ್ತಿದ್ದವಳು, ಫೋನಿನಲ್ಲಿ ಮಾತ್ರ ಮೂಗಿಯಾಗಿಬಿಡುತ್ತಿದ್ದಳು.

“ಊಟ ಆಯ್ತಾ ಮಗಳೇ?”

“ಹೂಂ.”

“ಮತ್ತೆ?”

“ಏನಿಲ್ಲ.”

ಇವನೂ ಮಾತಿನ ಮಲ್ಲನಲ್ಲವಲ್ಲ. ಎರಡೂ ಕಡೆ ಬರೀ ಉಸಿರು. ಫೋನು ಇಟ್ಟ ಮೇಲೆ ಇವನು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಿದ್ದ.

ಆ ಮೌನ ಮುರಿದದ್ದು ಆಟ. ಟೀವಿಗೆ ಜೋಡಿಸಿಕೊಂಡು ಆಡುವ ಮಷೀನನ್ನು ಅವಳಿಗೆ ಅವಳಮ್ಮ ಕೊಡಿಸಿದ್ದಳು. ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ಆಡಬಹುದಾದ ಬಡಿದಾಟದ ಆಟ. “ಅಪ್ಪಾ, ನೀನೂ ಒಂದು ತಗೋ. ನನ್ನ ಜೊತೆ ಆಡೋಕೆ ಯಾರೂ ಇಲ್ಲ” ಎಂದಳು. ಮಾರನೆಯ ದಿನವೇ ಇವನು ಯಾರೋ ಆಡಿ ಬಿಟ್ಟ ಹಳೆಯದೊಂದನ್ನು ಹೊತ್ತು ತಂದ. ಭಾನುವಾರ ಮಧ್ಯಾಹ್ನ ಮಾತ್ರ ಆಡಲು ಅವಳಮ್ಮನ ಅಪ್ಪಣೆ. ಕ್ಷೌರದ ಅಂಗಡಿಗೆ ಭಾನುವಾರವೇ ಸುಗ್ಗಿ. ಆದರೂ ಮಧ್ಯಾಹ್ನವಾಗುತ್ತಲೇ ಇವನು ಅಂಗಡಿಯ ಬಾಗಿಲು ಎಳೆದು, ಕುತ್ತಿಗೆಯ ಮೇಲೆ ಯಾರದೋ ಕೂದಲು ಅಂಟಿಸಿಕೊಂಡೇ ಮನೆಗೆ ಓಡಿ ಬರುತ್ತಿದ್ದ.

ನಮ್ಮದು ಎರಡು ಕೋಣೆಯ ಮನೆ. ನಾನು ಇಸ್ತ್ರಿ ಮಾಡಿ ಬದುಕುವವಳು. ಟೀವಿಯ ಕೋಣೆಯಲ್ಲೇ ನನ್ನ ಮೇಜು. ಇವನು ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಸ್ಪೀಕರ್ ಹಾಕಿ, ನೆಲದ ಮೇಲೆ ಕೂರುತ್ತಿದ್ದ. ಹಾಗಾಗಿ ಆ ಆಟದಲ್ಲಿ ನಾನು ನೋಡದ ಸಾವಿಲ್ಲ, ಅಪ್ಪ ಮಗಳು ಆಡಿದ್ದರಲ್ಲಿ ನಾನು ಕೇಳದ ಮಾತಿಲ್ಲ.

“ಅಪ್ಪಾ, ಎಡಕ್ಕೆ! ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತೀಯಲ್ಲಾ! ಅಯ್ಯೋ, ಸತ್ತೇ ಹೋದ್ಯಾ? ಇರು, ಬಂದು ಎಬ್ಬಿಸ್ತೀನಿ.”

ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ನಡೆಯುವಾಗ ಅವಳ ಬಾಯಿಂದ ಎಲ್ಲವೂ ಹೊರಬೀಳುತ್ತಿತ್ತು. ಗೆಳತಿ ಮುನಿಸಿಕೊಂಡದ್ದು, ಹಲ್ಲು ಅಲ್ಲಾಡುತ್ತಿರುವುದು, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು. ಫೋನಿನಲ್ಲಿ ಬಾರದ ಮಾತು ಹೆಣಗಳ ನಡುವೆ ಬರುತ್ತಿತ್ತು. ಇವನು “ಹೌದಾ? ಆಮೇಲೆ?” ಎಂದು ಕೇಳುತ್ತಾ ಯಾವನದೋ ಈಟಿಗೆ ಎದೆಯೊಡ್ಡಿ ಸಾಯುತ್ತಿದ್ದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ.

ಹೀಗೆ ಸತ್ತು ಎದ್ದು ಸತ್ತು ಎದ್ದು ಇಬ್ಬರೂ ಕೊನೆಯ ಕೋಟೆಗೆ ಬಂದರು. ಬಾಗಿಲಲ್ಲಿ ಕಲ್ಲುದೈತ್ಯ ನಿಂತಿದ್ದ. ಮೈಯೆಲ್ಲ ಬಂಡೆ. ಅವನ ಮುಂದೆ ಹೋಗುವ ಮೊದಲು ಒಂದು ಆಯುಧದ ಕೋಣೆ. ಬಿಲ್ಲಿಲ್ಲ, ಬಂದೂಕಿಲ್ಲ, ಹತ್ತಿರ ಹೋಗಿ ಕೈಯಾರೆ ಹೊಡೆಯುವಂಥವೇ ಎಲ್ಲ. ಕಿರುಗತ್ತಿ, ಜೋಡಿ ಚೂರಿ, ಈಟಿ, ಕೊಡಲಿ, ಕುಡುಗೋಲು, ಮೂಲೆಯಲ್ಲಿ ಒಂದು ದೊಡ್ಡ ಸುತ್ತಿಗೆ. ಒಬ್ಬರಿಗೆ ಒಂದೇ. ಚಿನಕುರುಳಿಗೆ ಜೋಡಿ ಚೂರಿ ಕೈಗಂಟಿದ ಹಾಗೆ. ನನ್ನ ತಮ್ಮ ಎತ್ತಿಕೊಂಡದ್ದು ಎಲ್ಲಕ್ಕಿಂತ ತೆಳುವಾದ, ಎಲ್ಲಕ್ಕಿಂತ ಹರಿತವಾದ ಕಿರುಗತ್ತಿಯನ್ನು. ಹರಿತವಾದದ್ದೇ ಒಳ್ಳೆಯದು ಅನ್ನುವುದು ಅವನ ಕೈಗೆ ಗೊತ್ತಿದ್ದ ವಿದ್ಯೆ. ಕೈಯಲ್ಲಿದ್ದ ರಿಮೋಟಿನ ಗುಂಡಿ ಅದುಮಿ ಹಿಡಿದರೆ ಜೋರು ಏಟು, ಮೆಲ್ಲಗೆ ಒತ್ತಿದರೆ ಸಣ್ಣ ಏಟು. ಇವನು ಮೆಲ್ಲಗೇ ಒತ್ತಿದ. ಕತ್ತಿ ಬಂಡೆಯ ಮೇಲೆ ಕಿರ್ರೆಂದು ಜಾರಿತು.

“ಅಯ್ಯೋ ಮಹರಾಯ, ದೈತ್ಯನಿಗೆ ಗಡ್ಡ ಹೆರೆಯೋಕೆ ಹೋಗಿದ್ದೀಯಾ?” ಎಂದೆ.

ಫೋನಿನಲ್ಲಿ ಚಿನಕುರುಳಿ ಬಿದ್ದು ಬಿದ್ದು ನಕ್ಕಳು. “ಅಪ್ಪಾ, ನೊರೆ ಹಚ್ಚೋದು ಮರ್ತೆ!” ಅಷ್ಟರಲ್ಲಿ ದೈತ್ಯ ಕಾಲೆತ್ತಿ ಇಬ್ಬರನ್ನೂ ತುಳಿದ.

ಅದೇ ವಾರ ಅವಳಿಗೆ ದೊಡ್ಡ ರಜೆ ಶುರುವಾಗಿತ್ತು. ಫೋನು ಇಡುವ ಮೊದಲು ಅವಳು ನಗು ನಿಲ್ಲಿಸಿ ಹೇಳಿದಳು: “ರಜೆ ಮುಗಿಯೋದ್ರೊಳಗೆ ಇವನನ್ನ ಬೀಳಿಸ್ಲೇಬೇಕಪ್ಪಾ. ಆದಷ್ಟು ಬೇಗ. ಸರಿಯಾದ ಆಯುಧ ಹುಡುಕು.”

“ಬೀಳಿಸಿದ್ರೆ ಮುಂದೇನು?”

“ಆಟ ಮುಗೀತು. ಅಮ್ಮ ಮಷೀನು ಎತ್ತಿ ಅಟ್ಟಕ್ಕೆ ಹಾಕ್ತಾಳೆ.”

ಆ ದಿನ ಆ ಮಾತನ್ನು ಅವನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಯಾದ ಆಯುಧ ಅನ್ನುವುದಷ್ಟೇ ಅವನ ತಲೆಯಲ್ಲಿ ಉಳಿಯಿತು. ಅಂಗಡಿಯಲ್ಲಿ ಬಂದವರನ್ನೆಲ್ಲ ಕೇಳಿದ. ಮುಖದ ತುಂಬ ನೊರೆ ಹೊತ್ತ ಲಾರಿ ಡ್ರೈವರ್, “ಈಟಿ ತಗೋ ನುಣುಪಣ್ಣ. ದೂರ ಇದ್ದಷ್ಟೂ ಒಳ್ಳೇದು, ಬ್ರೇಕ್ ಹಾಕೋಕೆ ಜಾಗ ಇರುತ್ತೆ” ಎಂದ. ವೈರಿಂಗ್ ಕೆಲಸದವನು ಕೊಡಲಿಯೇ ಎಂದು ಪಟ್ಟು ಹಿಡಿದ. ಭಾಷಣ ಬಿಗಿಯುವ ಗಿರಾಕಿಯೊಬ್ಬ, “ಆಯುಧ ಯಾವುದಾದ್ರೇನು, ಆತ್ಮವಿಶ್ವಾಸ ಬೇಕು” ಎಂದದ್ದಕ್ಕೆ ಇವನು, “ಅದಕ್ಕೆ ಯಾವ ಗುಂಡಿ ಒತ್ತಬೇಕು ಸಾರ್?” ಎಂದು ನಿಜವಾಗಿ ತಿಳಿದುಕೊಳ್ಳಲು ಕೇಳಿದನಂತೆ.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಒಬ್ಬನೇ ಕೂತು ಅಭ್ಯಾಸ ಮಾಡಿದ. ಜೊತೆಗಾರರಿಲ್ಲದಿದ್ದರೆ ಮಷೀನೇ ಒಬ್ಬ ಜೊತೆಗಾರನನ್ನು ಕೊಡುತ್ತದೆ. ಈಟಿ ಹಿಡಿದ, ತುದಿ ಬಂಡೆಗೆ ತಾಗಿ ವಾಪಸಾಯಿತು. ಕೊಡಲಿ ಹಿಡಿದ, ಚಕ್ಕೆ ಎದ್ದಿತು, ಅಷ್ಟೇ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಸುತ್ತಿಗೆ ಎತ್ತಿದ. ಅದು ಮೊಂಡು, ಅದಕ್ಕೆ ಅಲಗೇ ಇಲ್ಲ, ಎತ್ತುವುದರೊಳಗೆ ಪ್ರಾಣ ಹೋಗುತ್ತದೆ. ಆದರೆ ದೈತ್ಯ ಕಾಲು ಅಪ್ಪಳಿಸಿದ ಮೇಲೆ ಒಂದು ಗಳಿಗೆ ಬಗ್ಗಿ ನಿಲ್ಲುತ್ತಾನೆ ಅನ್ನುವುದನ್ನು ಇವನು ಕಂಡುಕೊಂಡ. ಆಗ ಗುಂಡಿ ಅದುಮಿ ಹಿಡಿದು ಒಂದು ಏಟು ಕೊಟ್ಟರೆ ಬಂಡೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಜೊತೆಗಾರನ ಚೂರಿ ಇಳಿಯುತ್ತದೆ. ಒಂದು ಬೆಳಿಗ್ಗೆ ದೈತ್ಯ ಮಗುಚಿ ಬಿದ್ದ.

ನಾನು ಇಸ್ತ್ರಿ ಬಿಟ್ಟು ಚಪ್ಪಾಳೆ ತಟ್ಟಿದೆ. ಇವನು ತಟ್ಟಲಿಲ್ಲ. ಪರದೆ ಕಪ್ಪಾಯಿತು, ಆಟ ತಯಾರಿಸಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋದವು, ಮತ್ತೆ ಏನೂ ಬರಲಿಲ್ಲ. “ಇಷ್ಟೇನಾ?” ಎಂದ. ಮುಖ ಬಿಳಿಚಿಕೊಂಡಿತ್ತು. ಅಟ್ಟದ ಮಾತು ಅವನ ಕಿವಿಗೆ ಆಗ ಬಿತ್ತು ಅನ್ನಿಸುತ್ತದೆ.

ಆ ಭಾನುವಾರ ಅವನು ಈಟಿ ಎತ್ತಿಕೊಂಡ. ಸೋತರು. ಮುಂದಿನ ಭಾನುವಾರ ಕುಡುಗೋಲು. ಸೋತರು. “ಅಪ್ಪಾ, ಆ ಸುತ್ತಿಗೆ ತಗೊಂಡು ನೋಡೋಣ್ವಾ?” ಎಂದು ಅವಳೇ ಕೇಳಿದಳು. “ಅದು ಭಾರ ಮಗಳೇ, ನನ್ನ ಕೈಗೆ ಒಗ್ಗಲ್ಲ” ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕುಣಿಯಲು ಬಂದೂ ನೆಲ ಡೊಂಕು ಅನ್ನುತ್ತಿದ್ದ. ಅವಳಿಗೆ ಈಗ ನಗು ಬರುತ್ತಿರಲಿಲ್ಲ. ಬೆಕ್ಕಿನ ಮರಿಯ ಸುದ್ದಿಯೂ ಇಲ್ಲ. “ಅಪ್ಪಾ, ಪ್ಲೀಸ್. ಇನ್ನೊಂದ್ಸಲ. ಪ್ಲೀಸ್ ಅಪ್ಪಾ” ಎಂದು ಅಳುತ್ತಿದ್ದಳು. ಇವನ ಹಣೆಯಲ್ಲಿ ಬೆವರು. ಸೋಲುವುದಕ್ಕೆ ಅಷ್ಟು ಕಷ್ಟಪಡುವವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ದಿನ ನನಗೆ ತಡೆಯಲಾಗಲಿಲ್ಲ. “ಮಗು ಅಳ್ತಿದೆ ಕಣೋ, ಕಲ್ಲು ಹೃದಯದವನೇ! ಗೆಲ್ಲಿಸಿಬಿಡು.”

“ಗೆಲ್ಲಿಸಿದ್ರೆ ಇನ್ನೊಂದು ಭಾನುವಾರ ಎಲ್ಲಿಂದ ತರ್ಲಿ ಅಕ್ಕಾ?”

“ಬಾಯಿ ಬಿಟ್ಟು ಹೇಳು. ಆಟ ಇಲ್ದಿದ್ರೂ ಭಾನುವಾರ ನನ್ನ ಜೊತೆ ಮಾತಾಡಮ್ಮಾ ಅಂತ ಹೇಳು. ನಾಲಿಗೆ ಏನು ಅಡವಿಟ್ಟಿದ್ದೀಯಾ?”

“ಹಾಗೆ ಹೇಳೋಕೆ ಬಂದಿದ್ರೆ ಅವಳಮ್ಮ ಯಾಕೆ ಹೋಗ್ತಿದ್ಲು?” ಎಂದು ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ರಜೆಯ ಕೊನೆಯ ಭಾನುವಾರ ಬಂತು. ಅವಳ ದನಿ ಬತ್ತಿಹೋಗಿತ್ತು. “ಅಪ್ಪಾ, ನಾಳೆ ಸ್ಕೂಲು. ಗೆದ್ರೂ ಸೋತ್ರೂ ಅಮ್ಮ ಇವತ್ತು ಇದನ್ನ ಎತ್ತಿಡ್ತಾಳಂತೆ. ಯಾವುದಾದ್ರೂ ತಗೋ. ಪರವಾಗಿಲ್ಲ.”

ಆಯುಧದ ಕೋಣೆಯಲ್ಲಿ ಇವನ ಗೊಂಬೆ ಸುಮ್ಮನೆ ನಿಂತಿತ್ತು. ಇನ್ನು ಉಳಿಸಿಕೊಳ್ಳಲು ಯಾವ ಭಾನುವಾರವೂ ಇಲ್ಲ. ಕೊನೆಯದಾಗಿ ಮಗಳಿಗೆ ಗೆಲುವನ್ನಾದರೂ ಕೊಡೋಣ ಅಂದುಕೊಂಡನೋ ಏನೋ, ಮೂಲೆಗೆ ಹೋಗಿ ಸುತ್ತಿಗೆ ಎತ್ತಿದ.

ದೈತ್ಯ ಕಾಲು ಅಪ್ಪಳಿಸಿದ. ಇವನು ಪಕ್ಕಕ್ಕೆ ಜಿಗಿದ, ಅದುಮಿ ಹಿಡಿದ, ಹೊಡೆದ. ಬಂಡೆ ಬಿರಿಯಿತು. “ಮಗಳೇ, ಈಗ!” ಎಂದು ಕೂಗಿದ. ಇವನ ಗಂಟಲಿನಲ್ಲಿ ಅಂಥ ಕೂಗು ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳ ಚೂರಿಗಳು ಒಳಗಿಳಿದವು. ಇನ್ನೊಂದು ಏಟು, ಇನ್ನೊಂದು ಬಿರುಕು. ನಾನು ಒಂದು ಅಂಗಿಯ ತೋಳು ಮುಗಿಸುವುದರೊಳಗೆ ದೈತ್ಯ ನೆಲಕ್ಕೆ ಬಿದ್ದಿದ್ದ.

“ಗೆದ್ವೀ! ಅಪ್ಪಾ, ಗೆದ್ವೀ!” ಎಂದು ಅವಳು ಕಿರುಚಿದಳು.

“ಅಪ್ಪಾ.”

“ಹೂಂ.”

“ಈ ಸುತ್ತಿಗೆ ನಿನಗೆ ಮೊದ್ಲೇ ಬರ್ತಿತ್ತಾ?”

ಇಲ್ಲ ಅನ್ನಬಹುದಿತ್ತು. ಜೀವನದಲ್ಲಿ ಮೊದಲ ಸಲ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಬರ್ತಿತ್ತು ಮಗಳೇ. ರಜೆ ಶುರುವಾದಾಗ್ಲೇ ಕಲಿತಿದ್ದೆ. ಗೆದ್ರೆ ಆಟ ಮುಗಿಯುತ್ತೆ, ನೀನು ಭಾನುವಾರ ಬರಲ್ಲ ಅಂತ ಬೇರೆ ಬೇರೆ ಎತ್ತಿಕೊಳ್ತಿದ್ದೆ.”

ಅವಳು ಪಾಠ ಒಪ್ಪಿಸುವ ಹಾಗೆ ಹೇಳಿದಳು.

“ಆಟ ಮುಗಿಸಿದ ಮಾರನೇ ದಿನವೇ ಅಪ್ಪನ ಹತ್ರ ಬಿಟ್ಟು ಬರ್ತೀನಿ, ರಜೆ ಎಷ್ಟು ಉಳಿದಿರುತ್ತೋ ಅಷ್ಟೂ ದಿನ ಅಲ್ಲೇ ಇರು ಅಂತ ಅಮ್ಮ ಹೇಳಿದ್ಲು. ಮುಗಿಸ್ದೆ ಅಲ್ಲಿಗೆ ಹೋದ್ರೆ ಅಪ್ಪ ಮಗಳು ಇಬ್ರೂ ಟೀವಿ ಮುಂದೇನೇ ಕೂತಿರ್ತೀರಿ, ಒಬ್ರ ಮುಖ ಒಬ್ರು ನೋಡಲ್ಲ, ಅದಕ್ಕೆ ಮೊದ್ಲು ಮುಗಿಸು ಅಂದ್ಲು. ನಾನು ಬ್ಯಾಗೂ ತುಂಬಿಟ್ಟಿದ್ದೆ.”

“ನನಗೆ ಯಾಕೆ ಹೇಳ್ಲಿಲ್ಲ ಮಗಳೇ?”

“ಹೇಳಿದ್ರೆ ನೀನು ಗಾಬರಿಯಾಗಿ ಇನ್ನೂ ಕೆಟ್ಟದಾಗಿ ಆಡ್ತೀಯ ಅಂತ.”

ಅಪ್ಪನ ಮಗಳೇ ಸರಿ. ಅವಳೂ ನುಂಗಿಕೊಂಡು ಕೂತವಳೇ. ಹಿಂದಿನಿಂದ ಅವಳಮ್ಮ ಕರೆದದ್ದು ಕೇಳಿಸಿತು. “ಇಡ್ತೀನಪ್ಪಾ” ಎಂದಳು. ಪರದೆಯ ಮೇಲೆ ಜೋಡಿ ಚೂರಿ ಹಿಡಿದ ಗೊಂಬೆ ಇವನ ಗೊಂಬೆಯ ಪಕ್ಕದಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಇಲ್ಲವಾಯಿತು.

ನನಗೆ ಬಾಯಿಗೆ ಬಂದ ಹಾಗೆ ಬೈಯಬೇಕೆಂದಿತ್ತು. ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಎತ್ತಿ ಹಾಕಿಕೊಂಡೆಯಲ್ಲೋ, ಮುಂದಿನ ದೊಡ್ಡ ರಜೆಗೆ ಇನ್ನು ಒಂದು ವರ್ಷ, ವರ್ಷದಲ್ಲಿ ಮಕ್ಕಳು ಬೇರೆಯೇ ಆಗಿಬಿಡುತ್ತಾರೆ ಎಂದು ಕೂಗಬೇಕೆಂದಿತ್ತು. ಅವನು ಟೀವಿ ಆರಿಸಲಿಲ್ಲ. ಹೆಸರುಗಳು ಮೇಲಕ್ಕೆ ಹೋಗಿ ಮುಗಿದವು.

“ಅಕ್ಕಾ,” ಎಂದ, “ಬ್ಯಾಗಲ್ಲಿ ಏನೇನು ತುಂಬಿದ್ಲೋ?”

“ಬಟ್ಟೆ ಇರುತ್ತೆ ಕಣೋ. ಇನ್ನೇನು.”

“ಈಗ ಒಂದೊಂದೇ ತೆಗೆದು ವಾಪಸ್ ಇಡ್ತಿರ್ತಾಳೆ, ಅಲ್ವಾ?”

ನಾನು ಇಸ್ತ್ರಿಯ ಪ್ಲಗ್ ಕಿತ್ತು, ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ.