ನನ್ನ ಸರ್ಟಿಫಿಕೇಟಿನ ಕೊನೆಯ ಸಾಲು

ಬಸವೇಶ್ವರನಗರದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿದಂತೆಯೇ ಆಗಿತ್ತು. ನಾನು ರಕ್ತ ತೆಗೆಯುವುದನ್ನು ನೋಡಿ ಮಾಲೀಕರು ತಲೆದೂಗಿದ್ದರು. ಕೊನೆಗೆ ಶಾಸ್ತ್ರಕ್ಕೆಂಬಂತೆ ನನ್ನ ಸರ್ಟಿಫಿಕೇಟಿನ ಮೂಲೆಯಲ್ಲಿದ್ದ ಕ್ಯೂಆರ್ ಕೋಡಿಗೆ ಫೋನು ಹಿಡಿದರು. ಓದುತ್ತಾ ಹೋದಂತೆ ಅವರ ಮುಖ ಬದಲಾಯಿತು.

"ನಿಮಗೆ ಫಿಟ್ಸ್ ಬರುತ್ತೇನಮ್ಮ?"

"ಚಿಕ್ಕವಳಿದ್ದಾಗ ಬರ್ತಿತ್ತು ಸಾರ್. ಮಾತ್ರೆ ತಗೊಳ್ತೀನಿ, ಈಗ ಬರಲ್ಲ."

"ಸೂಜಿ ಹಿಡಿಯೋ ಕೆಲಸ ನೋಡಿ. ಫೋನ್ ಮಾಡ್ತೀನಿ ಬಿಡಿ."

ಫೋನು ಬರಲಿಲ್ಲ. ಆ ದಿನ ಬಸ್ ಸ್ಟಾಪಿನಲ್ಲಿ ನಿಂತು ನನ್ನ ಕೋಡನ್ನು ನಾನೇ ಸ್ಕ್ಯಾನ್ ಮಾಡಿದೆ. ಹುಟ್ಟಿದ ದಿನ, ಹೇರೋಹಳ್ಳಿಯ ಮನೆ ವಿಳಾಸ, ಅಪ್ಪನ ಹೆಸರು, ಅಂಕಗಳು. ಕೊನೆಯಲ್ಲಿ ಒಂದು ಸಾಲು: 'ಮೂರ್ಛೆರೋಗದ ಕಾರಣ ಪರೀಕ್ಷೆಗೆ ಹೆಚ್ಚುವರಿ ಸಮಯ ನೀಡಲಾಗಿದೆ.' ಮಾತ್ರೆಯಿಂದ ಬೆಳಗಿನ ಹೊತ್ತು ತೂಕಡಿಕೆ ಬರುತ್ತಿತ್ತು ಎಂದು ಡಾಕ್ಟರ ಚೀಟಿ ಕೊಟ್ಟು ಸಮಯ ಕೇಳಿದ್ದೆ. ಅದು ಊರಿಗೆಲ್ಲ ಕಾಣುವ ಜಾಗಕ್ಕೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ನಾನು ಬಿದ್ದಾಗಲೆಲ್ಲ ಅಮ್ಮ "ಬಿಸಿಲಿಗೆ ತಲೆಸುತ್ತು" ಎಂದೇ ಎಲ್ಲರಿಗೂ ಹೇಳಿಕೊಂಡು ಬಂದವಳು. ವಿಷಯ ಕೇಳಿ ಬಾಗಿಲು ಮುಂದೆ ಮಾಡಿದಳು.

"ಸುಮ್ನಿದ್ಬಿಡೇ. ಎಳೆದಾಡಿದ್ರೆ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತೆ."

"ಯಾರಿಗೆ ಗೊತ್ತಾಗಬೇಕು ಅನ್ನೋದು ಈಗ ನಮ್ಮ ಕೈಲಿಲ್ಲ ಕಣಮ್ಮ. ಅದಕ್ಕೇ ಹೋಗ್ತಾ ಇದೀನಿ."

ನಾನು ಓದಿದ್ದು ರಾಜಾಜಿನಗರದ ಒಂದು ತರಬೇತಿ ಸಂಸ್ಥೆಯಲ್ಲಿ. ನಕಲಿ ಸರ್ಟಿಫಿಕೇಟು ತಡೆಯಲು ಈ ವ್ಯವಸ್ಥೆ ಮಾಡಿಸಿದ್ದು, ಏನಿದ್ದರೂ ಇದನ್ನು ಮಾಡಿಕೊಟ್ಟ ಕಂಪನಿಯವರನ್ನೇ ಕೇಳು ಎಂದರು ಪ್ರಿನ್ಸಿಪಾಲ್ ಮೇಡಂ. ಕಂಪನಿ ಇದ್ದದ್ದು ವಿಜಯನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಅಲ್ಲಿನ ಎಂಜಿನಿಯರ್ ಕುರ್ಚಿ ಎಳೆದು ಕೂರಿಸಿ, ಸಮಾಧಾನವಾಗಿಯೇ ವಿವರಿಸಿದರು.

"ಇದು ಬ್ಲಾಕ್‌ಚೈನ್ ಮೇಡಂ. ಒಂದೇ ದಾಖಲೆ ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರಲ್ಲಿ ಇರುತ್ತೆ. ಒಬ್ರು ತಿದ್ದಿದ್ರೆ ಉಳಿದವು ಒಪ್ಪಲ್ಲ. ಅಳಿಸೋಕಂತೂ ಆಗೋದೇ ಇಲ್ಲ. ಅದಕ್ಕೇ ಜನ ನಂಬ್ತಾರೆ."

"ನನ್ನ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕು ಜನರ ಮಾಹಿತಿ ಕಾಪಾಡೋ ಹೊಸ ಕಾನೂನಲ್ಲಿ ಇದೆಯಲ್ಲ ಸಾರ್?"

"ಇದೆ. ಪೂರ್ತಿ ಜಾರಿಗೆ ಬರೋಕೆ ಇನ್ನೂ ಟೈಮಿದೆ. ಬಂದ್ರೂ ಇದರಲ್ಲಿ ಹೇಗೆ ಅಳಿಸೋದು ಅಂತ ನಮಗೂ ಗೊತ್ತಿಲ್ಲ, ನಿಜ ಹೇಳ್ತೀನಿ."

"ಅಳಿಸೋಕಾಗದ ಜಾಗದಲ್ಲಿ ನನ್ನ ಕಾಯಿಲೆ ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು ಅಲ್ವಾ?"

ಅದು ನಿಮ್ಮ ಸಂಸ್ಥೆಯವರು ಕೇಳಬೇಕಿತ್ತು ಎಂದರು ಅವರು. ನಾನು ಬಿಡಲಿಲ್ಲ. ನನ್ನ ಜೊತೆ ಓದಿದವರಿಗೆಲ್ಲ ಫೋನು ಮಾಡಿ, ನಿಮ್ಮ ಕೋಡು ಸ್ಕ್ಯಾನ್ ಮಾಡಿ ನೋಡಿ ಎಂದೆ. ಕುರುಬರಹಳ್ಳಿಯ ಗೆಳತಿಯೊಬ್ಬಳು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳು. ಅವಳ ಪುಟದಲ್ಲಿ ಗಂಡನ ಹೆಸರಿನ ಕೆಳಗೆ ಅವನಿಗೆ ತಿಳಿಯದಂತೆ ಅವಳು ಅಡಗಿಕೊಂಡಿದ್ದ ಬಾಡಿಗೆ ಕೋಣೆಯ ವಿಳಾಸ, ಫೋನ್ ನಂಬರು ಎಲ್ಲ ಇತ್ತು. ನಾವಿಬ್ಬರೂ ಸೇರಿ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತೆವು.

"ಮೇಡಂ, ನಾನು ಗಂಡನಿಂದ ತಪ್ಪಿಸ್ಕೊಂಡು ಇರೋದು ನಿಮಗೆ ಗೊತ್ತು. ನೀವೇ ಒಂದ್ಸಲ ಸ್ಕ್ಯಾನ್ ಮಾಡಿ ಓದಿ," ಎಂದಳು ಅವಳು.

ಮೇಡಂ ಗಟ್ಟಿಯಾಗಿ ಓದತೊಡಗಿದರು. ವಿಳಾಸದ ಹತ್ತಿರ ಬಂದಾಗ ದನಿ ತಗ್ಗಿ ನಿಂತೇಹೋಯಿತು. ಅವರು ಅವಳ ಮುಖ ನೋಡಿದರು, ಆಮೇಲೆ ನಮ್ಮೆದುರೇ ಕಂಪನಿಗೆ ಫೋನು ಹಚ್ಚಿದರು. "ಇದು ಸರಿಹೋಗೋ ತನಕ ನಮ್ಮ ಮಕ್ಕಳ ಒಂದು ಸರ್ಟಿಫಿಕೇಟೂ ಹಾಕಬೇಡಿ. ಇವರದ್ದು ಇವತ್ತೇ ಮುಚ್ಚಿ."

ಆ ಸಂಜೆಯಿಂದ ಕೋಡಿಗೆ ಫೋನು ಹಿಡಿದವರಿಗೆ ಹೆಸರು, ಕೋರ್ಸು, ಪಾಸಾಗಿರುವುದು ಇಷ್ಟೇ ಕಾಣತೊಡಗಿತು. ಮುಂದಿನ ಬ್ಯಾಚಿನಿಂದ ವಿವರಗಳೆಲ್ಲ ಸಂಸ್ಥೆಯಲ್ಲೇ ಉಳಿದು, ಅಸಲಿಯೇ ಎಂದು ತಾಳೆ ನೋಡಲು ಬೆರಳಚ್ಚಿನಂಥ ಒಂದು ಗುರುತು ಮಾತ್ರ ಬ್ಲಾಕ್‌ಚೈನಿಗೆ ಹೋಗುವಂತೆ ಮಾಡಿದರು. "ನಿಮ್ಮ ಹಳೇ ದಾಖಲೆ ಮಾತ್ರ ಒಳಗಡೆ ಹಾಗೇ ಇರುತ್ತೆ. ಸುಳ್ಳು ಹೇಳಲ್ಲ," ಎಂದರು ಎಂಜಿನಿಯರ್. ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದೆ. ಕೊಟ್ಟರು. ಕಾನೂನು ಪೂರ್ತಿ ಜಾರಿಯಾದ ದಿನ ಅದನ್ನು ಹಿಡಿದುಕೊಂಡು ಮತ್ತೆ ಬರುತ್ತೇನೆಂದು ಹೇಳಿಯೇ ಮೆಟ್ಟಿಲಿಳಿದೆ.

ಮುಂದಿನ ಸಂದರ್ಶನ ಬ್ಯಾಡರಹಳ್ಳಿಯ ಒಂದು ಲ್ಯಾಬಿನಲ್ಲಿ. ಡಾಕ್ಟರಮ್ಮ ಕೋಡು ನೋಡಿ, ಸರಿ, ಸೋಮವಾರದಿಂದ ಬಾ ಎಂದರು. ನಾನು ಏಳಲಿಲ್ಲ.

"ಮೇಡಂ, ಇನ್ನೊಂದು ವಿಷಯ ಇದೆ, ನಾನೇ ಹೇಳ್ತೀನಿ," ಎಂದು ಎಲ್ಲ ಹೇಳಿದೆ.

ಯಾವ ಮಾತ್ರೆ ಎಂದು ಕೇಳಿದರು. ಆಮೇಲೆ, "ತಿಂಡಿ ತಿನ್ನದೆ ಬರಬೇಡ. ರಾತ್ರಿ ಪಾಳಿ ಹಾಕಲ್ಲ. ಮೈ ಸರಿಯಿಲ್ಲ ಅನಿಸಿದ ದಿನ ಸೂಜಿ ಕೆಳಗಿಟ್ಟು ನನಗೆ ಹೇಳು," ಎಂದರು.

ಮನೆಗೆ ಬಂದು ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿದಾಗ ಅಮ್ಮ ಸಿಡುಕಿದಳು. "ಮುಚ್ಚಿಸೋಕೆ ಅಂತ ಅಷ್ಟು ಅಲೆದೆ. ಈಗ ನೀನೇ ಯಾಕೆ ಬಾಯಿ ಬಿಟ್ಟೆ?"

"ಅದು ನಾನು ಹೇಳಬೇಕಾದ ಮಾತಾಗಿತ್ತಮ್ಮ. ನಾನೇ ಹೇಳ್ದೆ."

ಅಮ್ಮ ಗೊಣಗುತ್ತಲೇ ಒಳಗೆ ಹೋದಳು. ಸೋಮವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒಲೆಯ ಮೇಲೆ ದೋಸೆ ಹಂಚು ಕಾಯುತ್ತಿತ್ತು.