ಎರಡು ನೀರು ಕೂಡುವ ಜಾಗ

ಭೀಮರಾಯ ಕಾಕಾ ಯಾರ ಊರನ್ನೂ ಕೇಳುತ್ತಿರಲಿಲ್ಲ. "ನಿಮ್ಮೂರ ನೀರು ಯಾವ ಹೊಳೀಗೆ ಹೋಗ್ತದ?" ಎಂದು ಕೇಳುತ್ತಿದ್ದರು. ಅಮೆರಿಕದ ಮೌಂಟನ್ ವ್ಯೂದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹುಲ್ಲು ಕತ್ತರಿಸಲು ಬರುವವನಿಗೂ ಇದೇ ಪ್ರಶ್ನೆ. ನಮ್ಮ ಪಕ್ಕದ ಮನೆಯಲ್ಲಿರುವ ಅವರ ಮಗಳು ಶೋಭಾ ಅದನ್ನು ಇಂಗ್ಲಿಷಿನಲ್ಲಿ ಕೇಳಬೇಕು. ಬೇಲೂರು ಕಡೆಯವಳು ಎಂದ ನನಗೆ, "ಅಂದ್ರ ಯಗಚಿ. ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ನಮ್ಮದು ಕೃಷ್ಣಾ. ಸಮುದ್ರ ಮಾತ್ರ ಒಂದ ಬಿಡು ತಂಗಿ" ಎಂದರು. ಯಗಚಿಯನ್ನು ನಾನು ಮರೆತೇಬಿಟ್ಟಿದ್ದೆ.

ರಾಯಚೂರಿನ ಕಡೆ ಹೊಳೆದಂಡೆಯಲ್ಲಿ ನೀರಿನ ಮಟ್ಟ ನೋಡಿ ಬರೆಯುವುದು ಅವರ ಕೆಲಸವಾಗಿತ್ತು. ಒಂದು ಮಹಾಪೂರದಲ್ಲಿ ಮೇಲಿನ ಸಾಹೇಬರು, ಇಳಿಯಬೇಡ, ಅಂದಾಜು ಬರೆದುಬಿಡು ಎಂದರಂತೆ. "ನೋಡದ ನೀರು ನಾ ಬರಿಯಂಗಿಲ್ರಿ" ಎಂದು ಇವರು ಸೊಂಟದವರೆಗೆ ನೀರಿಗಿಳಿದು ನೋಡಿ ಬಂದರಂತೆ. ಅವರು ಹೇಳಿದ್ದು ಮೊಣಕಾಲೋ ಏನೋ. ಸೊಂಟದವರೆಗೆ ಏರಿಸಿದ್ದು ನಾನೇ ಇರಬಹುದು.

ನಮ್ಮ ಅಡುಗೆಮನೆಯ ಗ್ರಾನೈಟಿನ ಮೇಲೆ ಒದ್ದೆ ಬೆರಳಿನಿಂದ ಅವರು ಇಡೀ ಅಮೆರಿಕ ಬರೆಯುತ್ತಿದ್ದರು. ನಡುವೆ ಮಿಸಿಸಿಪ್ಪಿ, ಅದಕ್ಕೆ ಬಂದು ಸೇರುವ ಮಿಸೌರಿ, ಒಹಾಯೊ. ಕೊಲರಾಡೊ ಸಮುದ್ರ ಮುಟ್ಟುವ ಮೊದಲೇ ಜನ ಕುಡಿದು ಮುಗಿಸುತ್ತಾರೆಂದು ಅವರಿಗೆ ಸಂಕಟ. ನಮ್ಮ ಪಶ್ಚಿಮಕ್ಕೆ ಬರುವಷ್ಟರಲ್ಲಿ ಮಿಸಿಸಿಪ್ಪಿ ಒಣಗಿರುತ್ತಿತ್ತು. ಮತ್ತೆ ಬೆರಳು ಅದ್ದಿ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ಎಳೆಯುವರು. "ಒಂದು ಉತ್ತರದಿಂದ, ಒಂದು ದಕ್ಷಿಣದಿಂದ, ಎದುರಾಬದುರಾ ಬಂದು ಕೂಡ್ತಾವಂತ. ಹಂಗ ಕೂಡೋದು ನಾ ನೋಡಿಲ್ಲ."

ಅವರು ಈ ದೇಶದಲ್ಲಿ ನೋಡಬೇಕೆಂದು ಕೇಳಿದ್ದು ಅದೊಂದೇ. ವೀಸಾ ಮುಗಿಯಲು ಇನ್ನೊಂದೇ ತಿಂಗಳಿತ್ತು. ಶೋಭಾಗೆ ಆಸ್ಪತ್ರೆಯಲ್ಲಿ ಶನಿವಾರ, ಭಾನುವಾರವೂ ಕೆಲಸ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಫೋನಿನಲ್ಲಿ ದಾರಿ ತೋರಿಸುವ ನಕ್ಷೆಗಳ ಕಂಪನಿಯಲ್ಲಿ ನನ್ನ ಕೆಲಸ. "ನೀ ನಕಾಶೆ ಮಾಡಾಕಿ, ನಿನಗ ಗೊತ್ತಿರ್ತದ" ಎಂದರು.

ಎರಡು ಶನಿವಾರ ಮುಂದೂಡಿದೆ. ಮೂರನೆಯದರಂದು ಹೊರಟಾಗ ಫ್ರೀವೇ ತುಂಬ ಬ್ರೇಕಿನ ಕೆಂಪು ದೀಪಗಳು. ಇನ್ನೂ ಒಂದೂವರೆ ಗಂಟೆಯ ದಾರಿ. ಸಂಜೆ ಕ್ಯುಪರ್ಟಿನೋದಲ್ಲಿ ಗೆಳತಿಯ ಗೃಹಪ್ರವೇಶ. ತಡವಾಗಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೂ ಹತ್ತಿರದ ಅಲ್ವಿಸೋಗೆ ತಿರುಗಿಸಿದೆ. ಕೊಲ್ಲಿಯ ತುದಿ ಅದು: ಕೆಸರು, ಜೊಂಡು, ಎರಡು ಸಣ್ಣ ಕಾಲುವೆ. "ಇದೇ ಕಾಕಾ. ಆ ಕಡೆಯಿಂದ ಸ್ಯಾಕ್ರಮೆಂಟೊ, ಈ ಕಡೆಯಿಂದ ಇನ್ನೊಂದು" ಎಂದು ಕೈ ತೋರಿಸಿದೆ.

ಅವರು ಚಪ್ಪಲಿ ಬಿಟ್ಟು ಇಳಿದರು. ಹುಲ್ಲಿನ ಎಸಳೊಂದನ್ನು ಕಿತ್ತು ನೀರಿಗೆ ಹಾಕಿದರು. ಅದು ಸಮುದ್ರದ ಕಡೆ ಹೋಗಲಿಲ್ಲ, ನಮ್ಮ ಕಡೆಗೇ ಬಂತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

"ನೀರು ಹಿಂದಕ್ಕ ಹೊಂಟದಲ್ಲ ತಂಗಿ."

"ಉಬ್ಬರ, ಕಾಕಾ. ಸಮುದ್ರ ಏರ್ತಿದೆ."

"ಇಷ್ಟು ಉಪ್ಪು ಇರ್ತದೇನು, ಸಂಗಮದಾಗ?"

"ಇಲ್ಲಿ ಹಾಗೇ."

ಆಗ ಅವರು ಕೈಮುಗಿದರು ಎಂದು ಒಂದೆರಡು ಕಡೆ ಹೇಳಿದ್ದೇನೆ. ಕೈಮುಗಿಯಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡರು, ಅಷ್ಟೇ.

ಮನೆಯಲ್ಲಿ ಶೋಭಾ, ನೋಡಿದ್ರಾ ಅಪ್ಪಾ ಎಂದು ಕೇಳಿದಳು. ಅವರು ನನ್ನ ಮುಖ ನೋಡದೆ, "ನೋಡಿದೆ. ಎರಡೂ ನೀರು ಕೂಡ್ತಾವ. ಈ ತಂಗಿ ಭಾಳ ದೂರ ಗಾಡಿ ಹೊಡದ್ಲು, ಮೊದ್ಲು ಆಕಿಗೆ ಚಹಾ ಕೊಡು" ಎಂದರು. ನಾನು ಕೂತು ಚಹಾ ಕುಡಿದೆ. ಅವರು ಊರಿಗೆ ಹೊರಡುವವರೆಗೆ ಎದುರಾಗದಂತೆ ಹಿಂದಿನ ಮೆಟ್ಟಿಲಿನಲ್ಲೇ ಓಡಾಡಿದೆ.

ಈ ವರ್ಷ ಯುಗಾದಿಗೆ ಮುಂಚೆ ಕಾಕಾ ತೀರಿಕೊಂಡರು. ಊರಿಗೆ ಹೋಗಿ ಮಣ್ಣು ಮಾಡಿ ಬಂದ ಶೋಭಾ ನನ್ನ ಬಾಗಿಲು ತಟ್ಟಿದಳು. ಅಪ್ಪ ಊರ ತುಂಬ ಆ ಸಂಗಮದ ಮಾತೇ ಆಡಿದ್ದರಂತೆ. ಅವರು ನಿಂತಿದ್ದ ಜಾಗದಲ್ಲಿ ಒಂದು ಹೂವು ಬಿಡಬೇಕು, ಕರೆದುಕೊಂಡು ಹೋಗ್ತೀರಾ ಎಂದಳು.

ಭಾನುವಾರ ಹೋದೆವು. ಈ ಮುಂದಿನದರಲ್ಲಿ ಮಾತ್ರ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ. ಹದಿನೈದು ನಿಮಿಷಕ್ಕೆ ಕಾರು ನಿಲ್ಲಿಸಿದಾಗ ಶೋಭಾ ಅತ್ತಿತ್ತ ನೋಡಿದಳು.

"ಇಷ್ಟು ಹತ್ರಾನಾ? ಅಪ್ಪ ಭಾಳ ದೂರ ಅಂದಿದ್ರಲ್ಲ."

ಹೇಳಿಬಿಡಬಹುದಿತ್ತು. ಅವಳು ಆಗಲೇ ಶೂ ಬಿಚ್ಚುತ್ತಿದ್ದಳು.

"ಅವತ್ತು ಟ್ರಾಫಿಕ್ ಇತ್ತು" ಎಂದೆ.